ಆರು ಕಿವಿಗೆ ಬಿದ್ದ ಮಾತು

ವರ್ಷಕ್ಕೊಮ್ಮೆ ಈ ಸಂಚಿಕೆಯ ಸಂಪಾದಕ ಮಂಡಳಿಯವರು ಲೇಖನ ಕೇಳಲು ಬಂದಾಗ, ಹಳಗನ್ನಡದ ಯಾವುದಾದರೊಂದು ಪ್ರಯೋಗವನ್ನೋ ಷಟ್ಪದಿಯ ಗತಿಭೇದವನ್ನೋ ಕುರಿತು ನಾಲ್ಕು ಪುಟ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನನ್ನ ವಾಡಿಕೆ. ಅವನ್ನು ಎಷ್ಟು ಮಂದಿ ಓದುತ್ತಾರೆಂಬ ವಿಚಾರದಲ್ಲಿ ನನಗೆ ಭ್ರಮೆಯೇನೂ ಇಲ್ಲ. ಈ ಸಲ ನಾನು ಬರೆಯಹೊರಟಿರುವುದು ನನ್ನ ಶಾಸ್ತ್ರದ ಹೊರಗಿನ ವಿಷಯ. ಆದರೆ ಅದು ನನ್ನ ಕಂಠದಿಂದಲೇ ಆರಂಭವಾದುದರಿಂದಲೂ, ಕೊನೆಗೆ ನಮ್ಮ ಶಾಲೆಯ ಬಾಗಿಲಿಗೇ ಬಂದು ನಿಂತುದರಿಂದಲೂ ಬರೆಯದೆ ವಿಧಿಯಿಲ್ಲ. ವಾಚಕ ಮಹಾಶಯರು ಸಹಿಸಿಕೊಳ್ಳಬೇಕು.

ಮೂರು ವರ್ಷಗಳ ಕೆಳಗೆ ಒಂದು ಮಳೆಗಾಲದಲ್ಲಿ ನನ್ನ ದನಿ ಒಡೆಯಿತು. ಮೂವತ್ತು ವರ್ಷ ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಕಾವ್ಯವಾಚನ ಮಾಡಿದ ಗಂಟಲು ಒಮ್ಮೆಗೇ ಹರಿದ ತಮಟೆಯಂತಾಯಿತು. ಕಷಾಯ, ಜ್ಯೇಷ್ಠಮಧು, ಬಿಸಿನೀರು ಎಲ್ಲವೂ ಆದವು. ಮೂರು ವಾರ ಕಳೆದರೂ ದನಿ ಮರಳಲಿಲ್ಲ. ನನ್ನ ತಂದೆಯವರು ಗಂಟಲಿನ ವ್ಯಾಧಿಯಿಂದಲೇ ತೀರಿಕೊಂಡವರು. ಆ ನೆನಪು ಮನೆಯಲ್ಲಿ ಎಲ್ಲರಿಗೂ ಇತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಮೊಬೈಲನ್ನು ತೆಗೆದು, ನನ್ನ ಭಯಕ್ಕೆ ಇರುವ ಹೆಸರನ್ನು ಅಕ್ಷರ ಅಕ್ಷರವಾಗಿ ಒತ್ತಿ ಹುಡುಕಿದೆ. ಒಂದು ದೊಡ್ಡ ಆಸ್ಪತ್ರೆಯ ಜಾಲತಾಣ ತೆರೆದುಕೊಂಡಿತು. ರೋಗಲಕ್ಷಣಗಳನ್ನು ಓದಿದೆ, ಶಸ್ತ್ರಚಿಕಿತ್ಸೆಯ ವಿವರಗಳನ್ನು ಓದಿದೆ, ಸ್ವರಪೆಟ್ಟಿಗೆ ತೆಗೆದವರು ಹೇಗೆ ಮಾತನಾಡುತ್ತಾರೆಂಬುದನ್ನೂ ಓದಿದೆ. ಬಳಿಕ ಮೊಬೈಲನ್ನು ದಿಂಬಿನ ಕೆಳಗಿಟ್ಟು ಬೆಳಗಿನವರೆಗೆ ಎಚ್ಚರವಾಗಿದ್ದೆ. ಹೆಂಡತಿಗೂ ಹೇಳಲಿಲ್ಲ. ಹೇಳಬಾರದೆಂದಲ್ಲ, ವೈದ್ಯರನ್ನು ಕಂಡ ಮೇಲೆ, ಹೇಳಬೇಕಾದುದು ಇಷ್ಟು ಎಂಬುದು ಖಚಿತವಾದ ಮೇಲೆ ಹೇಳೋಣವೆಂದಿದ್ದೆ.

ಎರಡು ದಿನಗಳ ತರುವಾಯ ಒಂಬತ್ತನೆಯ ತರಗತಿಯಲ್ಲಿ, ದನಿಯಿಲ್ಲದ ಮೇಷ್ಟರಿಗೆ ಚಿತ್ರವೇ ಗತಿಯೆಂದು, ನನ್ನ ಮೊಬೈಲನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿ ಹಂಪೆಯ ಕುರಿತ ಪತ್ರಿಕಾ ಲೇಖನವೊಂದನ್ನು ತೋರಿಸುತ್ತಿದ್ದೆ. ವಿಜಯವಿಠ್ಠಲನ ಗುಡಿಯ ಚಿತ್ರಕ್ಕೂ ಅದರ ಕೆಳಗಿನ ವಾಕ್ಯಕ್ಕೂ ನಡುವೆ ಕಂಠದ ಕ್ಯಾನ್ಸರಿನ ಚಿಕಿತ್ಸೆಗೆ ಇಂದೇ ಹೆಸರು ನೋಂದಾಯಿಸಿರೆಂಬ ಜಾಹೀರಾತು ಮೂರಡಿ ಅಗಲಕ್ಕೆ ಬೆಳಗಿತು. ಬೆರಳಿನಿಂದ ಸರಿಸಿದೆ, ಮುಂದಿನ ಖಂಡಿಕೆಯ ಕೆಳಗೆ ಮತ್ತೊಂದು. ಮಕ್ಕಳು ದಡ್ಡರಲ್ಲ. ಮೂರು ವಾರಗಳಿಂದ ಮೇಷ್ಟರ ದನಿ ಕೆಟ್ಟಿರುವುದನ್ನು ಬಲ್ಲವರು. ತರಗತಿ ಮೌನವಾಯಿತು. ಆ ಸಂಜೆ ಒಬ್ಬ ಹುಡುಗನ ತಾಯಿ ನನ್ನ ಮನೆಗೆ ದೂರವಾಣಿ ಮಾಡಿ ನನ್ನ ಹೆಂಡತಿಯೊಡನೆ ಅತ್ತರಂತೆ.

ವೈದ್ಯರು ಪರೀಕ್ಷಿಸಿ, ಸ್ವರತಂತುಗಳ ಮೇಲೆ ಗಂಟು ಕಟ್ಟಿದೆ, ಉಪಾಧ್ಯಾಯರಿಗೂ ಗಾಯಕರಿಗೂ ಬರುವುದೇ, ಆರು ವಾರ ಮೌನವಾಗಿರಿ ಎಂದರು. ಇದ್ದೆ. ವಾಸಿಯಾಯಿತು. ಆದರೆ ಆ ಮೌನದ ಮೊದಲ ದಿನ ನನ್ನಾಕೆ ಆಡಿದ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ದನಿಯಿದ್ದಿದ್ದರೂ ಇರುತ್ತಿರಲಿಲ್ಲ. “ಮೊಬೈಲಿಗೆ ಹೇಳಿದಿರಿ, ನನಗೆ ಹೇಳಲಿಲ್ಲ” ಎಂದಳು.

ನಾನು ಮೊಬೈಲಿಗೂ ಹೇಳಿರಲಿಲ್ಲವೆಂದೇ ನಂಬಿದ್ದೆ, ಓದಿದ್ದೆನಷ್ಟೆ. ಓದುವುದೂ ಹೇಳುವುದೂ ಬೇರೆ ಬೇರೆ ಕ್ರಿಯೆಗಳೆಂದು ಐವತ್ತು ವರ್ಷ ನಂಬಿ ಬಾಳಿದವನು ನಾನು.

ಈ ನಂಬಿಕೆ ಹುಸಿಯೆಂದು ತಿಳಿಸಿಕೊಟ್ಟವನು ಇಪ್ಪತ್ತೈದು ವರ್ಷಗಳ ಹಿಂದೆ ನನ್ನಲ್ಲಿ ಹತ್ತನೆಯ ತರಗತಿ ಓದಿದ ಒಬ್ಬ ಶಿಷ್ಯ. ಈಗ ಅವನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್ ಹೋಸೆ ನಗರದ ಬಳಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಕಡಕ್ ರೊಟ್ಟಿಗಳನ್ನು ಜಾಲತಾಣದ ಮೂಲಕ ಮಾರುವ ಪುಟ್ಟ ವ್ಯಾಪಾರಿ. ಕಳೆದ ವಾರ್ಷಿಕೋತ್ಸವಕ್ಕೆ ಬಂದವನು ನನ್ನ ಕಥೆಯನ್ನು ಕೇಳಿ ನಗಲಿಲ್ಲ. ಬದಲಿಗೆ ತನ್ನ ಕೈಚೀಲದಿಂದ ಒಂದು ಪತ್ರವನ್ನು ತೆಗೆದನು. ಅದು ಅಲ್ಲಿನ ವಕೀಲರೊಬ್ಬರ ನೋಟೀಸು. ಇವನ ಜಾಲತಾಣಕ್ಕೆ ಬಂದ ಗ್ರಾಹಕರೊಬ್ಬರ ಸಂಭಾಷಣೆಯನ್ನು ಇವನು ಅನ್ಯರಿಗೆ ಕದ್ದು ಕೇಳಿಸಿದ್ದಾನೆ, ೧೯೬೭ರ ಕಾನೂನಿನಂತೆ ಪರಿಹಾರ ತೆರಬೇಕು ಎಂಬುದು ಅದರ ಸಾರಾಂಶ. ಅಂದರೆ ನನಗೆ ಆದ ಅನ್ಯಾಯದಲ್ಲಿ ನನ್ನ ಶಿಷ್ಯನೇ ಪ್ರತಿವಾದಿಯ ಸ್ಥಾನದಲ್ಲಿ ನಿಂತಿದ್ದ!

ಅವನು ಹೇಳಿದ ತಂತ್ರವನ್ನು ನನಗೆ ಅರ್ಥವಾದ ಮಟ್ಟಿಗೆ ನಿವೇದಿಸುತ್ತೇನೆ. ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬ ತರುಣ ಎಂಜಿನಿಯರ್ ‘ಕುಕೀ’ ಎಂಬ ಒಂದು ಚೀಟಿಯನ್ನು ಕಲ್ಪಿಸಿದ. ಅಂಗಡಿಯ ಜಾಲತಾಣಕ್ಕೆ ಮರೆವು ಹೆಚ್ಚು. ಗಿರಾಕಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಅವನಾರೆಂಬುದೇ ಅದಕ್ಕೆ ತಿಳಿಯದು. ಆದುದರಿಂದ ಗಿರಾಕಿಯ ಯಂತ್ರದಲ್ಲಿಯೇ ಒಂದು ಗುರುತಿನ ಚೀಟಿ ಇಟ್ಟರೆ, ಬುಟ್ಟಿಯಲ್ಲಿ ಅವನು ಏನು ಹಾಕಿದ್ದನೆಂಬುದು ನೆನಪಿರುತ್ತದೆ. ನಿರಪಾಯವಾದ ಯುಕ್ತಿ. ಅಪಾಯ ಬಂದದ್ದು ಮೂರನೆಯವನು ಇದನ್ನು ಬಳಸತೊಡಗಿದಾಗ. ಒಂದು ಪುಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರಬಿಂದುವನ್ನು ಅಡಗಿಸಿಟ್ಟಿರುತ್ತಾರೆ. ಅದಕ್ಕೆ ಪಿಕ್ಸೆಲ್ ಎಂದು ಹೆಸರು. ಈಗ ಅದು ಬಹುಮಟ್ಟಿಗೆ ಚಿತ್ರವೂ ಅಲ್ಲ, ನಾಲ್ಕು ಸಾಲಿನ ಗಣಕಲಿಪಿ. ಪುಟ ತೆರೆದೊಡನೆ ನಮ್ಮ ಯಂತ್ರವು ಆ ಬಿಂದುವನ್ನು ತರಲು ಆಸ್ಪತ್ರೆಯ ಬಳಿಗಲ್ಲ, ಜಾಹೀರಾತಿನ ದೊಡ್ಡ ಕಂಪನಿಯ ಬಳಿಗೆ ಹೋಗುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗದು. ತಾನು ಯಾವ ಪುಟವನ್ನು ಓದುತ್ತಿದ್ದೇನೆಂಬ ವಿಳಾಸವನ್ನೂ ತನ್ನ ಗುರುತಿನ ಚೀಟಿಯನ್ನೂ ಜೊತೆಗೆ ಒಯ್ದು ಒಪ್ಪಿಸುತ್ತದೆ. ಅದೇ ಕಂಪನಿಯ ಬಿಂದು ಪತ್ರಿಕೆಯ ಪುಟದಲ್ಲಿಯೂ ಇರುತ್ತದೆ. ಹೀಗೆ ನಡುರಾತ್ರಿಯ ಆಸ್ಪತ್ರೆಗೂ ನಡುಹಗಲಿನ ಹಂಪೆಗೂ ಸಂಬಂಧ ಬೆಳೆಯಿತು.

ನಮ್ಮ ಹಿರಿಯರಲ್ಲಿ ಷಟ್ಕರ್ಣವೆಂಬ ಮಾತೊಂದಿತ್ತು. ಇಬ್ಬರ ನಾಲ್ಕು ಕಿವಿಗಳ ನಡುವೆ ನಿಲ್ಲಬೇಕಾದ ಮಾತು ಆರು ಕಿವಿಗೆ ಬಿತ್ತೆಂದರೆ ಅದು ಕೆಟ್ಟಂತೆಯೇ. ೧೯೬೭ರಲ್ಲಿ ಕ್ಯಾಲಿಫೋರ್ನಿಯದ ಶಾಸಕರು ಯೋಚಿಸಿದ್ದೂ ಈ ಐದನೆಯ ಆರನೆಯ ಕಿವಿಗಳ ವಿಷಯವನ್ನೇ. ಆಗ ಅಂತರಜಾಲವಿರಲಿಲ್ಲ. ದೂರವಾಣಿಯ ತಂತಿಗೆ ಕೊಕ್ಕೆ ಹಾಕಿ ಕದ್ದು ಕೇಳುವವರಿದ್ದರು. ಸಂಭಾಷಣೆಯಲ್ಲಿ ತೊಡಗಿದ ಎಲ್ಲರ ಒಪ್ಪಿಗೆಯಿಲ್ಲದೆ, ತಂತಿಯಲ್ಲಿ ಸಾಗುತ್ತಿರುವ ಸಂದೇಶದ ಒಳವಿಷಯವನ್ನು ಓದುವುದಾಗಲಿ ಓದಲೆತ್ನಿಸುವುದಾಗಲಿ ಅಪರಾಧವೆಂದು ಅವರು ವಿಧಿಸಿದರು. ನೊಂದವನು ತಾನೇ ದಾವೆ ಹೂಡಬಹುದು; ಪ್ರತಿಯೊಂದು ಉಲ್ಲಂಘನೆಗೆ ೫,೦೦೦ ಡಾಲರ್, ಅಥವಾ ನಷ್ಟದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ನಷ್ಟವೆಷ್ಟೆಂದು ರುಜುವಾತುಪಡಿಸುವ ಹೊರೆಯಿಲ್ಲ. ನನ್ನ ತರಗತಿಯ ಆ ಮೌನದ ಬೆಲೆಯನ್ನು ಯಾವ ಲೆಕ್ಕಿಗನು ಕಟ್ಟಿಯಾನು? ಆ ಶಾಸಕರು ಬುದ್ಧಿವಂತರು.

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಪರಿಚಿತವಾದ ಪ್ರಪಂಚ. ಅರ್ಧಶತಮಾನದ ಹಿಂದಿನ ಸೂತ್ರ. ಸೂತ್ರಕಾರನು ಕನಸಿನಲ್ಲಿಯೂ ಕಾಣದ ವಸ್ತು. ನಡುವೆ ಕಾದಾಡುವ ಭಾಷ್ಯಕಾರರು. ‘ತೊಡಗಿದವರು’ ಎಂದರೆ ಯಾರು? ‘ಒಳವಿಷಯ’ ಎಂದರೆ ಯಾವುದು? ‘ಸಾಗುತ್ತಿರುವ’ ಎಂದರೆ ಎಲ್ಲಿಯವರೆಗೆ? ವಿದ್ವತ್ ಪರೀಕ್ಷೆಗೆ ಓದುವಾಗ ಒಂದು ಪ್ರತ್ಯಯದ ಅರ್ಥವ್ಯಾಪ್ತಿಗಾಗಿ ರಾತ್ರಿಗಳನ್ನು ಕಳೆದ ನನಗೆ, ಲಕ್ಷಾಂತರ ಜನರ ಹಕ್ಕು ಇಂತಹ ಪದಗಳ ಮೇಲೆ ತೂಗಾಡುತ್ತಿದೆಯೆಂಬುದು ಒಂದು ಬಗೆಯ ಸಮಾಧಾನವನ್ನೇ ತಂದಿತು. ನಮ್ಮ ವಿದ್ಯೆ ಅಷ್ಟೇನೂ ನಿರರ್ಥಕವಲ್ಲ.

ಫೇಸ್‌ಬುಕ್ಕಿನ ಮೊಕದ್ದಮೆಯನ್ನೇ ನೋಡಿ. ೨೦೧೦–೧೧ರ ಸುಮಾರಿಗೆ, ಸದಸ್ಯರು ತಮ್ಮ ಖಾತೆಯಿಂದ ಹೊರಬಂದು ಬಾಗಿಲು ಹಾಕಿಕೊಂಡ ಮೇಲೂ, ಅನ್ಯ ಜಾಲತಾಣಗಳಲ್ಲಿದ್ದ ‘ಲೈಕ್’ ಗುಂಡಿಯ ಮೂಲಕ ಆ ಕಂಪನಿ ಅವರು ಓದಿದ್ದನ್ನೆಲ್ಲ ಅರಿಯುತ್ತಿತ್ತೆಂಬುದು ವಾದಿಗಳ ದೂರು. ಕಂಪನಿಯ ಉತ್ತರ ಚಮತ್ಕಾರದ್ದು: ವಾಚಕನ ಯಂತ್ರವೇ ನಮ್ಮಲ್ಲಿಗೆ ನೇರವಾಗಿ ಸಂದೇಶ ಕಳಿಸಿತು, ಆದಕಾರಣ ನಾವೂ ಸಂಭಾಷಣೆಯಲ್ಲಿ ತೊಡಗಿದವರೇ, ತಾನೇ ತೊಡಗಿದ ಸಂಭಾಷಣೆಯನ್ನು ಕದ್ದು ಕೇಳುವುದೆಂತು? ಕೆಳಗಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ೨೦೨೦ರ ಏಪ್ರಿಲ್‌ನಲ್ಲಿ ಒಂಬತ್ತನೆಯ ವೃತ್ತದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಇಬ್ಬರ ನಡುವಿನ ಸಂದೇಶವನ್ನು ಅವರಿಗೆ ತಿಳಿಯದಂತೆ ನಕಲು ಮಾಡಿಸಿಕೊಂಡವನು ಸಂಭಾಷಣೆಯ ಪಾಲುಗಾರನೆನಿಸಿಕೊಳ್ಳಲಾರನೆಂದು ನಿರ್ಣಯಿಸಿತು. ೨೦೨೨ರಲ್ಲಿ ಕಂಪನಿ ೯ ಕೋಟಿ ಡಾಲರುಗಳಿಗೆ ರಾಜಿಯಾಯಿತು.

ಗೂಗಲ್ಲಿನ ಮೇಲಿನ ದಾವೆ ಮತ್ತೂ ಸ್ವಾರಸ್ಯಕರ. ‘ಇನ್‌ಕಾಗ್ನಿಟೊ’ ಎಂಬ ಹೆಸರಿನ ಅಜ್ಞಾತವಾಸದ ಕಿಟಕಿಯನ್ನು ತೆರೆದು ಓದಿದರೂ ತಮ್ಮ ಓದು ಕಂಪನಿಗೆ ತಲುಪುತ್ತಿತ್ತೆಂದು ೨೦೨೦ರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. ೨೦೨೪ರ ಏಪ್ರಿಲ್‌ನಲ್ಲಿ ಹೊರಬಂದ ರಾಜಿಯಂತೆ ಕಂಪನಿ ಶತಕೋಟಿಗಳ ಸಂಖ್ಯೆಯ ದಾಖಲೆಗಳನ್ನು ಅಳಿಸಬೇಕಾಯಿತು. ಆದರೆ ಆ ಸಮುದಾಯಕ್ಕೆ ಹಣವೇನೂ ದೊರೆಯಲಿಲ್ಲ, ಬೇಕಾದವರು ಪ್ರತ್ಯೇಕವಾಗಿ ದಾವೆ ಹೂಡುವ ಹಕ್ಕು ಮಾತ್ರ ಉಳಿಯಿತು. ನನ್ನ ಶಿಷ್ಯ ಇದನ್ನು ವಾದಿಗಳ ಸೋಲೆಂದ. ನನಗೆ ಹಾಗೆ ಕಾಣಲಿಲ್ಲ. ಅಂದು ನನಗೆ ಯಾರಾದರೂ ಹಣ ಬೇಕೋ, ಆ ರಾತ್ರಿಯ ದಾಖಲೆ ಅಳಿಯಬೇಕೋ ಎಂದು ಕೇಳಿದ್ದರೆ ಯಾವುದನ್ನು ಆರಿಸುತ್ತಿದ್ದೆನೆಂಬುದರಲ್ಲಿ ಸಂದೇಹವಿಲ್ಲ.

೨೦೨೫ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತೀರ್ಪುಗಾರರ ಮಂಡಳಿಯೊಂದು ಇದೇ ಕಾನೂನಿನ ಕೆಳಗೆ, ಫೇಸ್‌ಬುಕ್ಕಿನ ಒಡೆತನವುಳ್ಳ ಮೆಟಾ ಕಂಪನಿ ತಪ್ಪಿತಸ್ಥವೆಂದಿತು. ಅಲ್ಲಿನ ಸಂಗತಿ ಕೇಳಿದರೆ ಯಾರಿಗಾದರೂ ಮುಜುಗರವಾದೀತು. ‘ಫ್ಲೋ’ ಎಂಬ ಮೊಬೈಲ್ ಸಾಧನದಲ್ಲಿ ಹೆಂಗಸರು ತಮ್ಮ ಮುಟ್ಟಿನ ದಿನಗಳನ್ನೂ ಬಸಿರಿನ ಬಯಕೆಯನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಅದರೊಳಗಣ ಗಣಕಲಿಪಿ ಅದನ್ನು ಜಾಹೀರಾತಿನ ಕಂಪನಿಗೆ ಮುಟ್ಟಿಸುತ್ತಿತ್ತು. ಮೆಟಾ ಆರೋಪವನ್ನು ಒಪ್ಪಲಿಲ್ಲ. ಫ್ಲೋ ಸಂಸ್ಥೆಯೂ ಗೂಗಲ್ಲೂ ಸೇರಿ ೫ ಕೋಟಿ ೬೦ ಲಕ್ಷ ಡಾಲರುಗಳಿಗೆ ಮೊದಲೇ ರಾಜಿ ಮಾಡಿಕೊಂಡಿದ್ದವು.

ಎಲ್ಲೆಡೆಯೂ ಹೀಗೆಯೇ ಆಯಿತೆಂದು ವಾಚಕರು ಭಾವಿಸಬಾರದು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೧೯೬೮ರ ಇಂತಹದೇ ಒಂದು ಕಾನೂನಿದೆ. ಬಾಸ್ಟನ್ನಿನ ಎರಡು ಆಸ್ಪತ್ರೆಗಳ ಜಾಲತಾಣಗಳಲ್ಲಿ ತನಗಾಗಿಯೂ ಗಂಡನಿಗಾಗಿಯೂ ವೈದ್ಯರನ್ನೂ ಕಾಯಿಲೆಗಳನ್ನೂ ಹುಡುಕಿದ ಒಬ್ಬ ಹೆಣ್ಣುಮಗಳು ದಾವೆ ಹೂಡಿದ್ದಳು. ನನ್ನ ಕಥೆಯೇ! ೨೦೨೪ರ ಅಕ್ಟೋಬರಿನಲ್ಲಿ ಆ ರಾಜ್ಯದ ಸರ್ವೋನ್ನತ ನ್ಯಾಯಾಲಯ ಅವಳ ವಿರುದ್ಧ ತೀರ್ಪಿತ್ತಿತು. ಶಾಸಕರ ಮನಸ್ಸಿನಲ್ಲಿದ್ದುದು ಮನುಷ್ಯರು ಮನುಷ್ಯರೊಡನೆ ಆಡುವ ಮಾತು. ಪ್ರಕಟವಾಗಿರುವ ಪುಟಗಳನ್ನು ಓದುತ್ತ ಹೋಗುವುದು ಆ ಅರ್ಥದ ಸಂವಹನವೆಂದು ಸ್ಪಷ್ಟವಾಗಿ ಹೇಳಲಾಗದು. ದಂಡ ವಿಧಿಸುವ ಕಾನೂನಿನಲ್ಲಿ ಸಂದಿಗ್ಧವಿದ್ದರೆ ಅದರ ಲಾಭ ಪ್ರತಿವಾದಿಗೇ ಸಲ್ಲಬೇಕು ಎಂದರು. ಓದುವುದೂ ಹೇಳುವುದೂ ಬೇರೆ ಬೇರೆ ಎಂಬ ನನ್ನ ಹಳೆಯ ನಂಬಿಕೆಯನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಅದರಿಂದ ನನ್ನಂತಹವಳೊಬ್ಬಳು ಸೋತಳು. ಇದನ್ನು ಕೇಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

೨೦೨೫ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿಯೇ ಇನ್ನೊಂದು ತೀರ್ಪು. ಆಹಾರವನ್ನು ತೊರೆಯುವ ಮನೋವ್ಯಾಧಿಗೆ ಚಿಕಿತ್ಸೆ ಕೊಡುವ ಸಂಸ್ಥೆಯ ಜಾಲತಾಣದಲ್ಲಿ ಮೆಟಾದ ಪಿಕ್ಸೆಲ್ ಇತ್ತು. ಅಲ್ಲಿ ನಿರ್ಣಾಯಕವಾದದ್ದು ‘ಸಾಗುತ್ತಿರುವಾಗ’ ಎಂಬ ಒಂದೇ ಪದ. ಮೆಟಾ ಸಂದೇಶವನ್ನು ಓದಿದ್ದರೂ ಓದಿದ್ದು ತಲುಪಿದ ಮೇಲೆ, ಸಾಗುತ್ತಿರುವಾಗಲ್ಲ. ಆದಕಾರಣ ಈ ಕಲಮು ಅನ್ವಯಿಸದು ಎಂದರು ಫೆಡರಲ್ ನ್ಯಾಯಾಧೀಶರು. ಹಾಗೆನ್ನುತ್ತಲೇ, ಈ ಹಳೆಯ ಕಾನೂನನ್ನು ಹೊಸ ಕಾಲಕ್ಕೆ ಹೊಂದಿಸಹೋಗಿ ಎಲ್ಲವೂ ಗೋಜಲಾಗಿದೆ, ಶಾಸಕರೇ ಸರಿಪಡಿಸಬೇಕೆಂದೂ ನೊಂದು ಬರೆದರು. ವರ್ತಮಾನ ಕೃದಂತಕ್ಕೂ ಭೂತ ಕೃದಂತಕ್ಕೂ ಇರುವ ವ್ಯತ್ಯಾಸವನ್ನು ‘ಪರೀಕ್ಷೆಗಷ್ಟೇ ಬೇಕಾದದ್ದು’ ಎಂದು ಗೊಣಗುವ ನನ್ನ ವಿದ್ಯಾರ್ಥಿಗಳಿಗೆ ಈಗ ಈ ಉದಾಹರಣೆಯನ್ನು ಕೊಡುತ್ತಿದ್ದೇನೆ.

ಶಿಷ್ಯನ ಸಂಕಟವನ್ನು ಮರೆಯುವಂತಿಲ್ಲ. ಅವನು ಯಾರ ಮಾತನ್ನೂ ಕದ್ದವನಲ್ಲ. ಜಾಲತಾಣ ಕಟ್ಟಿಕೊಟ್ಟವರು ‘ಇದನ್ನು ಹಾಕಿದರೆ ವ್ಯಾಪಾರ ಹೆಚ್ಚುತ್ತದೆ’ ಎಂದರು, ಹಾಕಿಸಿದ. ಚಟ್ನಿಪುಡಿ ಕೊಂಡವರ ಗುಟ್ಟು ಏನಿದ್ದೀತು? ಅಲ್ಲಿ ಕೆಲವು ವಕೀಲರು ದಿನವಿಡೀ ಜಾಲತಾಣಗಳನ್ನು ಸೋಸಿ, ಪಿಕ್ಸೆಲ್ ಕಂಡಲ್ಲೆಲ್ಲ ಇಂತಹ ಪತ್ರ ಕಳಿಸುತ್ತಾರಂತೆ. ನ್ಯಾಯಾಲಯದಲ್ಲಿ ಹೋರಾಡುವ ಖರ್ಚಿಗಿಂತ ರಾಜಿಯ ಖರ್ಚು ಕಡಿಮೆಯಾದುದರಿಂದ ಚಿಕ್ಕ ವ್ಯಾಪಾರಿಗಳು ತೆತ್ತುಬಿಡುತ್ತಾರೆ. ಇವನೂ ತೆತ್ತ. “ಇದು ನ್ಯಾಯವೇ ಗುರುಗಳೆ?” ಎಂದ. ಆನೆಗೆಂದು ತೋಡಿದ ಗುಂಡಿಗೆ ಆಡು ಬಿದ್ದಿದೆಯೆಂದು ಒಪ್ಪಿಕೊಂಡೆ. ಆದರೆ ಗುಂಡಿಯನ್ನು ಮುಚ್ಚಬೇಕೆಂಬ ಅವನ ಮಾತನ್ನು ಒಪ್ಪಲಿಲ್ಲ. ಚಟ್ನಿಪುಡಿಯ ಪುಟದಲ್ಲಿರುವುದೂ ಆಸ್ಪತ್ರೆಯ ಪುಟದಲ್ಲಿರುವುದೂ ಅದೇ ಬಿಂದು. ತಾನು ಯಾವ ಮನೆಯ ಗೋಡೆಯಲ್ಲಿದ್ದೇನೆಂಬ ವಿವೇಕ ಅದಕ್ಕಿಲ್ಲ. ಇಟ್ಟವನಿಗಾದರೂ ಇರಬೇಕಷ್ಟೆ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಬಿರುಸು ಮಾತೇ ಆಯಿತು.

ಆಗ ಅವನು ಕೇಳಿದ: “ನಿಮ್ಮ ಪ್ರಸಂಗ ನಮ್ಮ ದೇಶದಲ್ಲಿ ನಡೆದದ್ದಲ್ಲವೆ? ಇಲ್ಲಿ ನಿಮಗೇನು ದಾರಿ?”

ನಾನು ಹೆಮ್ಮೆಯಿಂದಲೇ ಆರಂಭಿಸಿದೆ. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಆ ಹಿರಿಯರು ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ೨೦೨೩ರಲ್ಲಿ ವ್ಯಕ್ತಿಗತ ದತ್ತಾಂಶ ಸಂರಕ್ಷಣೆಯ ಅಧಿನಿಯಮ ಬಂದಿತು. ೨೦೨೫ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಕರ್ತವ್ಯಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿ. ತಪ್ಪು ಮಾಡಿದ ಸಂಸ್ಥೆಗೆ ಗರಿಷ್ಠ ೨೫೦ ಕೋಟಿ ರೂಪಾಯಿ ದಂಡ.

“ಅದರಲ್ಲಿ ನಿಮಗೆಷ್ಟು?” ಎಂದ. ಏನೂ ಇಲ್ಲ. ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಸೇರುತ್ತದೆ. ನೊಂದವನಿಗೆ ಪರಿಹಾರ ಕೊಡಿಸುತ್ತಿದ್ದ ಹಳೆಯ ಮಾಹಿತಿ ತಂತ್ರಜ್ಞಾನ ಕಾನೂನಿನ ೪೩-ಎ ಕಲಮನ್ನು ಈ ಹೊಸ ಅಧಿನಿಯಮವೇ ಕೈಬಿಡುತ್ತದೆ. ಅಷ್ಟೇ ಅಲ್ಲ, ದೂರುವವನು ಸುಳ್ಳು ದೂರು ಕೊಟ್ಟರೆ ಅವನಿಗೇ ೧೦,೦೦೦ ರೂಪಾಯಿಯವರೆಗೆ ದಂಡ! ಅವರಲ್ಲಿ ಪತ್ರ ಬರೆದು ಹೆದರಿಸುವ ವಕೀಲರು ಹೆಚ್ಚಾದರೆಂಬುದು ದೂರು. ನಮ್ಮಲ್ಲಿ ಆ ಭಯಕ್ಕೆ ಆಸ್ಪದವೇ ಇಲ್ಲದಂತೆ, ನೊಂದವನ ಕೈಯಿಂದ ದಾವೆಯನ್ನೇ ತೆಗೆದಿಟ್ಟಿದ್ದಾರೆ. ಇದು ನನಗೆ ಸರಿಕಾಣುವುದಿಲ್ಲ.

ಆ ಅಧಿನಿಯಮದಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಲ್ಲದೆ ಎಂಟನೆಯ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ಕೊಡಬೇಕು, ಕನ್ನಡ ಅವುಗಳಲ್ಲೊಂದು. ಹದಿನೆಂಟು ತುಂಬದವರನ್ನು ಜಾಲದಲ್ಲಿ ಬೆನ್ನಟ್ಟಿ ಅವರ ನಡೆಯನ್ನು ಅಳೆಯುವುದನ್ನು ಅದು ನಿಷೇಧಿಸುತ್ತದೆ, ವಿನಾಯಿತಿಗಳು ಕೆಲವಿವೆ.

ಇದನ್ನು ಹೇಳುತ್ತಿರುವಾಗಲೇ ಶಿಷ್ಯ ತನ್ನ ಗಣಕಯಂತ್ರವನ್ನು ತೆರೆದು, ನಮ್ಮ ಶಾಲೆಯ ಜಾಲತಾಣವನ್ನೇ ನನ್ನ ಮುಂದಿಟ್ಟನು. ದಾನಿಗಳು ಕಾಣಿಕೆ ಸಲ್ಲಿಸುವ ಪುಟದಲ್ಲಿ ಎರಡು ಅಡಗು ಬಿಂದುಗಳಿದ್ದವು. ವಿದ್ಯಾರ್ಥಿಗಳ ವೈದ್ಯಕೀಯ ನೆರವಿಗೆ ತಂದೆತಾಯಿಗಳು ಅರ್ಜಿ ಹಾಕುವ ಪುಟದಲ್ಲಿಯೂ ಅವೇ ಎರಡು. ಆ ಪುಟದ ವಿಳಾಸದಲ್ಲಿಯೇ ಅದು ಎಂತಹ ನೆರವಿನ ಅರ್ಜಿಯೆಂಬುದು ಸ್ಪಷ್ಟವಾಗಿತ್ತು. ಯಾರೂ ಕೆಟ್ಟ ಬುದ್ಧಿಯಿಂದ ಇಟ್ಟುದಲ್ಲ. ಕಡಿಮೆ ವೆಚ್ಚಕ್ಕೆ ಕೊಂಡ ಸಿದ್ಧ ನಮೂನೆಯೊಡನೆ ಬಂದಿದ್ದವು, ಮನೆ ಕೊಂಡಾಗ ಗೋಡೆಯೊಳಗಿನ ಗೆದ್ದಲು ಬರುವಂತೆ. ಆದರೆ ಕಳೆದ ವರ್ಷ ಆ ಅರ್ಜಿಗಳನ್ನು ತುಂಬಿಸಲು ಪಾಲಕರಿಗೆ ನೆರವಾದವನು ನಾನೇ. ಅವರಲ್ಲಿ ಅಂದು ನನ್ನ ಮನೆಗೆ ದೂರವಾಣಿ ಮಾಡಿ ಅತ್ತ ತಾಯಿಯೂ ಒಬ್ಬರು.

ಆಡಳಿತ ಸಮಿತಿಯವರಿಗೆ ಬರೆದುಕೊಟ್ಟೆ. ಎರಡು ಸಭೆಗಳಲ್ಲಿ ಚರ್ಚೆಯಾಗಿ, ಬಿಂದುಗಳನ್ನು ತೆಗೆಸುವುದೆಂದೂ, ಉಳಿದ ಅಗತ್ಯದ ಚೀಟಿಗಳ ಬಗ್ಗೆ ಕನ್ನಡದಲ್ಲಿ ಒಂದು ಸೂಚನೆ ಹಾಕುವುದೆಂದೂ, ಸೂಚನೆಯನ್ನು ನಾನೇ ಬರೆಯತಕ್ಕದ್ದೆಂದೂ ನಿರ್ಣಯವಾಯಿತು. ಮೂವತ್ತು ವರ್ಷಗಳ ಬೋಧನೆಯಲ್ಲಿ ಇಷ್ಟು ಕಷ್ಟದ ಎಂಟು ವಾಕ್ಯಗಳನ್ನು ನಾನು ಬರೆದಿರಲಿಲ್ಲ. ‘ಖಾಸಗಿತನ’ವೆಂದರೆ ಅದರ ಬೇರು ಅರಬ್ಬಿಯದು, ಹಳ್ಳಿಯ ಕಿವಿಗೆ ಕಚೇರಿಯ ವಾಸನೆ. ‘ಗೋಪ್ಯ’ವೆಂದರೆ ಏನನ್ನೋ ಮುಚ್ಚಿಟ್ಟವನ ಅಳುಕು; ‘ಗುಟ್ಟು’ ಇನ್ನೂ ಕೀಳಾಯಿತು. ‘ಏಕಾಂತ’ ಸೊಗಸಾದ ಪದ, ಆದರೆ ಜೊತೆಗೆ ಯಾರೂ ಇಲ್ಲದಿದ್ದರಷ್ಟೇ ಏಕಾಂತ. ನಾನು ಹೇಳಬೇಕಾಗಿದ್ದುದು ಇಬ್ಬರ ನಡುವಿನದು. ಆ ರಾತ್ರಿ ನಾನು ಗುಟ್ಟು ಮಾಡಿರಲಿಲ್ಲ, ಸಮಯ ಕಾಯುತ್ತಿದ್ದೆ. ಅದಕ್ಕೆ ಯಾವ ಪದ? ಹೆಂಡತಿಯನ್ನು ಕೇಳಿದೆ. “ನಾವು ಹೇಳುವ ತನಕ ನಮ್ಮದು ಅಂತ ಬರೆಯಿರಿ” ಎಂದಳು. ಹಾಗೆಯೇ ಬರೆದೆ: ನೀವು ಈ ಪುಟದಲ್ಲಿ ಓದಿದ್ದೂ ಬರೆದದ್ದೂ, ನೀವಾಗಿ ಹೇಳುವ ತನಕ, ನಿಮ್ಮದು.

ಕಳೆದ ತಿಂಗಳು ಬಿಂದುಗಳನ್ನು ತೆಗೆದುಹಾಕಲಾಯಿತು. ಕಚೇರಿಯ ತರುಣ ಗುಮಾಸ್ತರು ಸ್ವಲ್ಪ ಬೇಸರದಿಂದಲೇ ಬಂದು, “ಇನ್ನು ಮೇಲೆ ನಮ್ಮ ಪುಟವನ್ನು ಯಾರು ಯಾರು ನೋಡಿದರೆಂದು ತಿಳಿಯುವುದು ಹೇಗೆ ಸರ್?” ಎಂದು ಕೇಳಿದರು. ತಿಳಿಯುವುದಿಲ್ಲ ಎಂದೆ.